ಈ ವರ್ಷ ದಮ್ ತಗೊಳ್ಳಲಿ

ಮಾರ್ಚ್ 24

ಬೆಳಿಗ್ಗೆ ನಮ್ಮ ಹಳೆ ಜಪಾನಿ ಕಾರು ಚೇಸರ್ ಮೇಲಿನ ಟಾರ್ಪಾಲು ತೆಗೆದೆ. ಮನೆಯೊಳಗೆ ಬೆಚ್ಚಗಿಟ್ಟಿದ್ದ ಬ್ಯಾಟರಿ ತಂದು ಕೂರಿಸಿದೆ. ಎರಡನೆಯ ಸಲಕ್ಕೇ ಎಂಜಿನ್ ಹಿಡಿದುಕೊಂಡಿತು. ಮೊದಲು ಬಿಳಿ ಹೊಗೆ, ಆಮೇಲೆ ಸ್ವಚ್ಛ. ಚಳಿಗಾಲವಿಡೀ ಹಿಮದಡಿ ಬಿಟ್ಟಿದ್ದೆ, ಆದರೂ ಮುನಿಸಿಕೊಂಡಿಲ್ಲ. ಇಂಥದ್ದಕ್ಕೆ ಥ್ಯಾಂಕ್ಸ್ ಹೇಳುವುದು ಹೇಗೆ... ಬಾನೆಟ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತೆ.

ಅನಿಪಾ ಅಡುಗೆಮನೆ ಕಿಟಕಿಯಿಂದ: “ಏ ಮುದುಕಾ, ಗಾಡಿಗೆ ಜ್ವರ ನೋಡ್ತಿದ್ದೀಯಾ? ಒಳಗೆ ಬಾ, ಚಹಾ ಆರಿಹೋಗ್ತಿದೆ.”

ನಾನು ಬಿಚ್ಚುವವನು, ಜೋಡಿಸುವವನು. ಓಡಿಸುವವಳು ಹೆಂಡತಿ, ಅನಿಪಾ. ಶಾಲೆಯಲ್ಲಿ ಮಕ್ಕಳಿಗೆ ಆಮ್ಲ, ಕ್ಷಾರ ಹೇಳಿಕೊಡುವ ಹೆಂಗಸು. ವರ್ಷಕ್ಕೆ ಎರಡು ಸಲ, ಕ್ಲಬ್ಬಿನವರು ಹಳೆ ಗಣಿ ರಸ್ತೆ ಮುಚ್ಚಿಸಿ ಬೆಟ್ಟದ ಓಟ ನಡೆಸಿದಾಗ, ಹೆಲ್ಮೆಟ್ ಹಾಕಿಕೊಂಡು ಬೇರೆ ಯಾರೋ ಆಗುತ್ತಾಳೆ. ನಾನು ಆಗ ಮೇಲೆ, ಕುರಿದೊಡ್ಡಿಯ ಪಕ್ಕ ನಿಂತಿರುತ್ತೇನೆ. ನೋಡುವುದಕ್ಕಲ್ಲ. ಅಲ್ಲಿಂದ ರಸ್ತೆ ಕಾಣುವುದಿಲ್ಲ. ಕೇಳುವುದಕ್ಕೆ. ರೇಡಿಯೊ ಕೇಂದ್ರದಲ್ಲಿ ಧ್ವನಿಯ ಟೇಪು ಕತ್ತರಿಸಿ, ಅಂಟಿಸಿ ಹಳೆಯದಾದ ಕಿವಿ ನನ್ನದು.

ಹೋದ ಸೆಪ್ಟೆಂಬರಿನ ಓಟ ಈಗಲೂ ಆ ಕಿವಿಯಲ್ಲಿದೆ. ಕೆಲವು ತಿರುವುಗಳಿಗೆ ಮುಂಚೆ ಎಂಜಿನ್ ದನಿ ಬಿದ್ದುಹೋಗುತ್ತಿತ್ತು. ಹಾಡುವವನಿಗೆ ಸಾಲಿನ ನಡುವೆ ಉಸಿರು ಸಾಲದೆ ಹೋದ ಹಾಗೆ. ಯಾವಾಗಲೂ ಮೊದಲ ಸ್ಥಾನಕ್ಕೋ ಎರಡನೆಯದಕ್ಕೋ ಜಗಳವಾಡುವವಳು ಹಿಂದೆ ಉಳಿದಳು. ಗ್ಲೌಸ್ ಬಿಚ್ಚುತ್ತ, “ಗಾಡಿಗೆ ವಯಸ್ಸಾಯ್ತು” ಎಂದಳು. ನಂಬಿದೆ. ಅವಳು ಹೇಳಿದ್ದನ್ನು ನಂಬುವುದು ಅಭ್ಯಾಸ.

ಮಾರ್ಚ್ 27

ಉಸಿರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ? ಟರ್ಬೊ ಸರಿಯಿದೆ. ಇಂಧನ ಸರಿಯಿದೆ. ಉಳಿದದ್ದು ಇನ್‌ಟೇಕ್ ಮ್ಯಾನಿಫೋಲ್ಡ್. ಬಂದ ಗಾಳಿಯನ್ನು ಆರು ಸಿಲಿಂಡರಿಗೂ ಹಂಚುವ ಅಲ್ಯೂಮಿನಿಯಂ ಡಬ್ಬಿ, ಅದರಿಂದ ಹೊರಟ ಆರು ಕೊಳವೆ. ಫ್ಯಾಕ್ಟರಿಯದ್ದು. ಡಬ್ಬಿ ಚಿಕ್ಕದು, ಕೊಳವೆ ಉದ್ದ.

ದೊಡ್ಡ ಡಬ್ಬಿ, ಗಿಡ್ಡ ಕೊಳವೆ ಹಾಕಿಸಿದರೆ ಮೇಲಿನ ವೇಗದಲ್ಲಿ ಗಾಡಿ ಬಿಚ್ಚಿಕೊಳ್ಳುತ್ತದೆ. ಗಾಳಿ ತೆಳುವಾಗುವ ಆ ಎತ್ತರದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಕೆಳಗಿನ ವೇಗದಲ್ಲಿ ಎಳೆತ ಹೋಗುತ್ತದೆ. ತಿರುವಿನಿಂದ ಹೊರಬರುವಾಗ ಒಂದು ಕ್ಷಣ ಸತ್ತ ಹಾಗೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಗಣಿ ರಸ್ತೆ ತುಂಬ ತಿರುವುಗಳೇ.

ಲಾಭವೋ ನಷ್ಟವೋ. ಕಾಗದದ ಮೇಲೆ ಎರಡು ಗೆರೆ ಎಳೆದು ನೋಡಿದೆ. ಒಂದನ್ನೊಂದು ದಾಟುವ ಜಾಗದಲ್ಲಿ ಅನಿಪಾ ಚಹಾದ ಬಟ್ಟಲಿಟ್ಟಳು. ಕೇಳಬಹುದಾಗಿತ್ತು. ಕೇಳಲಿಲ್ಲ. ಉಡುಗೊರೆಯನ್ನು ಮೊದಲೇ ಕೇಳಿ ಕೊಡುತ್ತಾರೆಯೇ. ಇಷ್ಟು ವರ್ಷ ಆ ರಸ್ತೆಯಿಂದ ಪ್ರತಿ ಸಲವೂ ಹಿಂದಿರುಗಿ ಬಂದಿದ್ದಾಳೆ, ಅದಕ್ಕೆ ನಾನು ಏನೂ ಕೊಟ್ಟಿಲ್ಲ.

ಮಾರ್ಚ್ 31

ಅವಳ ತಮ್ಮ ಮೆಲಿಸ್‌ಗೆ ಫೋನ್ ಮಾಡಿದೆ. ನನ್ನನ್ನು ಜೆಜ್ದೆ, ಅಂದರೆ ಭಾವ, ಎಂದು ಕರೆಯುತ್ತಾನೆ. ತೊಕ್ಮೊಕ್ ಪಟ್ಟಣದಲ್ಲಿ ಹಾಲಿನ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಅಲ್ಯೂಮಿನಿಯಂ ಅವನ ಕೈಯಲ್ಲಿ ಬೆಣ್ಣೆ.

“ಮೆಲಿಸ್, ಚೇಸರ್‌ಗೆ ಹೊಸ ಮ್ಯಾನಿಫೋಲ್ಡ್ ಮಾಡಿಕೊಡ್ತೀಯಾ? ಗಿಡ್ಡ ಕೊಳವೆಯದ್ದು.”

“ಯಾಕೆ ಜೆಜ್ದೆ, ಇರೋದಕ್ಕೆ ಏನಾಗಿದೆ? ನಿಮ್ಮ ಗಾಡಿ ಕುದುರೆ ಥರ ಇದೆಯಲ್ಲ.”

“ಸೆಪ್ಟೆಂಬರಿನಲ್ಲಿ ನಿನ್ನ ಅಕ್ಕ ಹಿಂದೆ ಬಿದ್ದದ್ದು ನೋಡಲಿಲ್ವಾ? ಎಂಜಿನ್‌ಗೆ ಉಸಿರು ಸಾಲ್ತಿಲ್ಲ.”

ಆ ಕಡೆ ಗ್ರೈಂಡರ್ ಸದ್ದು ನಿಂತಿತು. ಲೈನ್ ಕಟ್ಟಾಯಿತೆಂದುಕೊಂಡೆ. ಆಮೇಲೆ, ಅಷ್ಟು ಹೊತ್ತು ರಷ್ಯನ್‌ನಲ್ಲಿ ಮಾತಾಡುತ್ತಿದ್ದವನು ಕಿರ್ಗಿಜ್‌ನಲ್ಲಿ, ಮೆತ್ತಗೆ:

“ಈ ವರ್ಷ ದಮ್ ತಗೊಳ್ಳಲಿ, ಜೆಜ್ದೆ.”

ಟ್ಯಾಂಕರಿನವನು ಬಂದನೆಂದು ಫೋನ್ ಇಟ್ಟ.

ಒಪ್ಪಿದ. ಗಾಡಿ ಚೆನ್ನಾಗಿ ಉಸಿರಾಡಲಿ ಎಂದು ತಾಯಿಮಾತಿನಲ್ಲಿ ಹರಸಿದ. ದಿನವಿಡೀ ಖುಷಿಯಲ್ಲಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಬೀದಿಯುದ್ದಕ್ಕೂ ಆ ಸದ್ದು. ಅದೂ ಖುಷಿಯೇ.

ಏಪ್ರಿಲ್ 5

ಬಿಚ್ಚಿದೆ. ಮೇಲಿನ ನಟ್ಟುಗಳು ಸುಲಭ. ಕೆಳಗಿನವು ಕಣ್ಣಿಗೆ ಬೀಳುವುದಿಲ್ಲ, ಬೆರಳಿಂದ ತಡವಿ ಹುಡುಕಬೇಕು. ಬೆರಳಿನ ತುದಿಗೆ ಒಂದು ಬುದ್ಧಿಯಿದೆ, ಅದು ನನ್ನದಲ್ಲ ಅನ್ನಿಸುತ್ತದೆ. ಮ್ಯಾನಿಫೋಲ್ಡ್ ಹೊರಬಂತು. ಒಳಗೆ ತೆಳ್ಳಗೆ ಕಂದು ಎಣ್ಣೆಯ ಪದರ. ಇದನ್ನು ಎರಕ ಹೊಯ್ದವನು ಜಪಾನಿನಲ್ಲಿ ಈಗ ಬದುಕಿದ್ದಾನೋ ಇಲ್ಲವೋ. ಅವನ ಕೆಲಸಕ್ಕೆ ಇಷ್ಟು ವರ್ಷ ಒಂದು ಥ್ಯಾಂಕ್ಸ್ ಅನ್ನಲಿಲ್ಲ ನಾವು.

ಅನಿಪಾ ಚಹಾ ತಂದು ಎಡಗಡೆ ಮಡ್‌ಗಾರ್ಡ್ ಮೇಲೆ ಇಟ್ಟಳು. ಇಟ್ಟೆ ಎಂದುಕೊಂಡಳು. ಬಟ್ಟಲು ಅಂಚಿನಿಂದ ಜಾರಿ ಒಡೆಯಿತು. “ಒಡೆದದ್ದು ಒಳ್ಳೇದಕ್ಕೇ” ಎಂದೆ. ನಕ್ಕಳು, ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಎಂಜಿನ್ ನೋಡಿದಳು.

“ಇದನ್ನ ಯಾಕೆ ಬಿಚ್ಚಿದೆ?”

“ಮೆಲಿಸ್ ಜೊತೆ ಮಾತಾಡ್ದೆ.”

“ಏನಂದ ಮೆಲಿಸ್?”

“ಈ ವರ್ಷ ದಮ್ ತಗೊಳ್ಳಲಿ ಅಂದ.”

ಬಗ್ಗಿ ಚೂರುಗಳನ್ನು ಆರಿಸುತ್ತಿದ್ದವಳು ನಿಂತುಬಿಟ್ಟಳು. “ಓ. ಹಂಗಂದ್ನಾ” ಎಂದಳು. ಚೂರುಗಳನ್ನು ಅಂಗೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು. ಮನಸ್ಸು ತುಂಬಿ ಬಂದಿರಬೇಕು. ಅವಳು ಹಾಗೆ, ಸಂತೋಷವಾದರೆ ಮಾತು ನಿಲ್ಲುತ್ತದೆ.

ಏಪ್ರಿಲ್ 6

ಮಾತಿಲ್ಲ. ಇನ್ನೂ ಸಂತೋಷವೇ?

ಏಪ್ರಿಲ್ 15

ಸಂತೋಷವಲ್ಲ.

ಊಟ ಬಡಿಸುತ್ತಾಳೆ. ಅಂಗಿ ಇಸ್ತ್ರಿ ಮಾಡಿಡುತ್ತಾಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವಳು ಶಾಲೆಗೆ ಓಡಿಸುವ ಹೋಂಡಾದ ಎಡಗನ್ನಡಿ ಮತ್ತೆ ಗೇಟಿಗೆ ತಾಗಿ ಒಡೆದಿದೆ. ಹೊಸದು ಹಾಕಿಕೊಟ್ಟೆ. “ಥ್ಯಾಂಕ್ಸ್” ಎಂದಳು, ಅಂಗಡಿಯವನಿಗೆ ಹೇಳುವ ಹಾಗೆ.

ಮ್ಯಾನಿಫೋಲ್ಡ್ ಶೆಡ್ಡಿನ ಬೆಂಚಿನ ಮೇಲೆ ಆರು ಬಾಯಿ ತೆರೆದುಕೊಂಡು ಕೂತಿದೆ. ಹೊಸದರ ಚಿತ್ರ ಬರೆಯುತ್ತೇನೆ, ಅಳಿಸುತ್ತೇನೆ. ಕೊಳವೆ ಎಷ್ಟು ಗಿಡ್ಡವಾಗಬೇಕು ಎಂಬುದು ಈಗ ಅಷ್ಟು ದೊಡ್ಡ ಪ್ರಶ್ನೆಯಲ್ಲ. ಅವಳ ಕಾರಿಗೆ ನಾನು ಏನು ಮಾಡಿದೆ? ಕೇಳದೆ ಬಿಚ್ಚಿದ್ದೇ ತಪ್ಪಾಯಿತೇ? ಹಾಗಿದ್ದರೆ ಬೈಯಲಿ. ಬೈಗುಳವಾದರೆ ನನ್ನ ಕಿವಿಗೆ ಅರ್ಥವಾಗುತ್ತದೆ. ಮೌನಕ್ಕೆ ಮಾತ್ರ ಅದು ಸಾಲದು.

ಏಪ್ರಿಲ್ 20, ಸಂಜೆ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನನಗೆ ಬೇಕಾದ ಹಾಗೆ ಕತ್ತರಿಸಿ ಅಂಟಿಸಿಬಿಡುತ್ತೇನೆ.

ಮಧ್ಯಾಹ್ನ ಮೆಲಿಸ್ ಬಂದ. ಒಂದು ಬುಟ್ಟಿ ಮೂಲಂಗಿ, ಒಂದು ಕ್ಯಾನು ಹಾಲು. ಶೆಡ್ಡಿಗೆ ಬಂದವನು ಬಾಗಿಲಲ್ಲೇ ನಿಂತ.

“ಇದೇನ್ರೀ ಜೆಜ್ದೆ, ಹಬ್ಬದ ಕುರಿ ಥರ ಹೊಟ್ಟೆ ಬಗೆದಿಟ್ಟಿದ್ದೀರಿ?”

“ನಿನಗೋಸ್ಕರ ಕಾಯ್ತಿದ್ದೆ. ಚಿತ್ರ ರೆಡಿ ಇದೆ, ವೆಲ್ಡಿಂಗ್ ಯಾವಾಗ ಮಾಡ್ತೀಯ?”

“ಎಂಥಾ ವೆಲ್ಡಿಂಗ್?”

“ನೀನೇ ಅಂದೆಯಲ್ಲೋ. ದಮ್ ತಗೊಳ್ಳಲಿ ಅಂತ.”

“ಅಂದೆ. ಗಾಡಿಗೆ ಅಂತ ಅಂದೆನಾ?”

“ಮತ್ತೆ ಯಾರಿಗೆ?”

ಅಡುಗೆಮನೆ ಕಿಟಕಿ ಕಡೆ ನೋಡಿದ. ಟೋಪಿ ತೆಗೆದ. ಬೋಳುತಲೆ ಒರೆಸಿಕೊಂಡ. ಟೋಪಿ ಹಾಕಿದ. “ಅಕ್ಕ ನಿಮಗೆ ಹೇಳಿರ್ತಾಳೆ ಅಂದ್ಕೊಂಡೆ, ಜೆಜ್ದೆ. ದೇವರಾಣೆ. ಚಳಿಗಾಲ ಕಳೀತಲ್ಲ, ಹೇಳಿರ್ತಾಳೆ ಅಂತ. ನಮ್ಮ ಎಜೆ, ಅಕ್ಕ, ದಮ್ ತಗೊಳ್ಳಲಿ ಅಂದೆ ನಾನು. ರೆಸ್ಟು. ಈ ವರ್ಷ ಓಡಿಸೋದು ಬೇಡ ಅಂತ.”

ಎಡಗಣ್ಣು. ಅದರ ಹಿಂದೆ ಎಲ್ಲೋ ಒಂದು ರಕ್ತನಾಳ ಕಟ್ಟಿಕೊಂಡಿತ್ತಂತೆ, ಹೋದ ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಮದುವೆಗೆಂದು ಹೇಳಿ ಅಕ್ಕ ತಮ್ಮ ಇಬ್ಬರೂ ಅಲ್ಮಾತಿ ನಗರಕ್ಕೆ ಹೋದದ್ದು ಮದುವೆಗಲ್ಲ. ಕಣ್ಣಿನ ಡಾಕ್ಟರ ಹತ್ತಿರ.

“ಆದರೆ ಮದುವೆ ಮನೆಯಿಂದ ಚೀಲ ತುಂಬ ತಂದಿದ್ರಲ್ಲ? ಮಾಂಸ, ಎಣ್ಣೇಲಿ ಕರಿದ ಬೋರ್ಸೊಕ್...”

“ಔತಣಕ್ಕೆ ಹೋದವರು ಖಾಲಿ ಕೈಯಲ್ಲಿ ಬಂದ್ರೆ ನೀವು ಅನುಮಾನ ಪಡಲ್ವಾ? ದಾರೀಲಿ ಬಜಾರಿನಲ್ಲಿ ಕೊಂಡು ತುಂಬಿಸಿದ್ವಿ. ನೀವು ತಿಂದು ಅಡುಗೆಯವನನ್ನ ಹೊಗಳಿದ್ರಿ, ಜೆಜ್ದೆ. ನೆನಪಿದೆಯಾ?”

ಹೊಗಳಿದ್ದೆ. ಕೊಬ್ಬು ಹದವಾಗಿದೆ ಎಂದಿದ್ದೆ.

ಅಷ್ಟರಲ್ಲಿ ಅನಿಪಾ ಬಂದಳು. ಕೈ ಹಿಟ್ಟು. ಇಬ್ಬರನ್ನೂ ನೋಡಿದಳು.

“ಸೇರ್ಕೊಂಡ್ರಾ? ಚೆನ್ನಾಯ್ತು. ನನ್ನ ಗಾಡಿ ಬಿಚ್ಚಿ ಬೆಂಚಿನ ಮೇಲಿಟ್ರೆ ನಾನು ಓಡ್ಸಕ್ಕಾಗಲ್ಲ, ಅಲ್ವಾ? ಎದುರು ನಿಂತು ‘ಬೇಡ’ ಅನ್ನಕ್ಕೆ ಇಬ್ಬರಿಗೂ ಬಾಯಿಲ್ಲ. ಕಳ್ಳರ ಥರ ನಟ್ಟು ಬಿಚ್ತೀರಾ!”

“ಎಜೆ, ಇವರಿಗೆ...”

“ನೀನು ಮುಚ್ಚು! ನಾಲ್ಕು ಕಮ್ಯುನಿಸ್ಟ್ ನಾಯಕರ ಮೊದಲಕ್ಷರ ಜೋಡಿಸಿ ನಿನಗೆ ಮೆಲಿಸ್ ಅಂತ ಹೆಸರಿಟ್ರು ಅಪ್ಪ. ನಾಲ್ವರಲ್ಲಿ ಒಬ್ಬನಿಗೂ ಗುಟ್ಟು ಉಳಿಸ್ಕೊಳ್ಳಕ್ಕೆ ಬರಲ್ಲ.”

“ಅನಿಪಾ,” ಎಂದೆ. “ನನಗೆ ಗೊತ್ತಿರಲಿಲ್ಲ.”

“ಏನು ಗೊತ್ತಿರಲಿಲ್ಲ?”

“ಕಣ್ಣು. ಈಗ ಗೊತ್ತಾಯ್ತು. ಗಾಡಿಗೆ ಉಸಿರು ಸಾಲ್ತಿಲ್ಲ ಅಂದ್ಕೊಂಡಿದ್ದೆ. ದೊಡ್ಡದು ಹಾಕಿಸಿ ನಿನಗೆ ಕೊಡೋಣ ಅಂತ ಬಿಚ್ದೆ. ಇನ್ನೂ ಜೋರಾಗಿ ಹೋಗಲಿ ಅಂತ.”

ಬಾಯಿ ಬಿಟ್ಟುಕೊಂಡು ನೋಡಿದಳು. “ಇನ್ನೂ ಜೋರಾಗಿ,” ಎಂದಳು. “ಒಂದು ಕಣ್ಣಿನವಳು. ಇನ್ನೂ ಜೋರಾಗಿ.” ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಮೆಲಿಸ್‌ಗೂ ತಡೆಯಲಾಗಲಿಲ್ಲ. ಹಾಲಿನ ಕ್ಯಾನಿನ ಮೇಲೆ ಕೂತುಬಿಟ್ಟ. ನಾನು ಮಾತ್ರ ಸ್ಪ್ಯಾನರ್ ಹಿಡಿದು ನಿಂತಿದ್ದೆ.

ಆಮೇಲೆ ಹೇಳಿದಳು. ಆವಿ ಹಿಡಿದ ಗಾಜಿನ ಹಾಗಂತೆ. ಎಡ ತಿರುವು ಬಂದಾಗೆಲ್ಲ ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ ತಿಳಿಯುತ್ತಿರಲಿಲ್ಲವಂತೆ. “ಕಾಲು ತಾನಾಗೇ ಆಕ್ಸಿಲರೇಟರ್ ಬಿಡ್ತಿತ್ತು. ಮೇಲೆ ನೀನಿದ್ದೀಯ, ಕೇಳಿಸ್ಕೋತೀಯ ಅಂತ ಗೊತ್ತಿತ್ತು. ಇಳಿದ ತಕ್ಷಣ ಕೇಳ್ತೀಯ ಅಂದ್ಕೊಂಡೆ. ಕೇಳಿದ್ರೆ ಹೇಳೋಣ ಅಂತಿದ್ದೆ. ನೀನು ಗಾಡಿ ಸುತ್ತ ಸುತ್ತಿದೆ.”

“ಗಾಡಿಗೆ ವಯಸ್ಸಾಯ್ತು ಅಂದೆಯಲ್ಲ.”

“ಅಂದೆ. ನಂಬ್ತೀಯ ಅಂತ ಯಾರಿಗೆ ಗೊತ್ತು?”

ಆ ಕಣ್ಣು ಇನ್ನು ಸರಿಹೋಗುವುದಿಲ್ಲವಂತೆ. ಬಲಗಣ್ಣು ಸ್ವಚ್ಛ. ಔಷಧ ತಪ್ಪಿಸಬಾರದು. ಚಳಿಗಾಲವಿಡೀ ಹಿಟ್ಟಿನ ಡಬ್ಬಿಯ ಹಿಂದೆ ಮಾತ್ರೆ ಇಟ್ಟುಕೊಂಡಿದ್ದಳು. ಈಗ ಮೇಜಿನ ಮೇಲೆ, ಉಪ್ಪಿನ ಪಕ್ಕ ಇದೆ. ಬರೆಯುತ್ತ ಅದನ್ನೇ ನೋಡುತ್ತಿದ್ದೇನೆ.

ಏಪ್ರಿಲ್ 21

ನಮ್ಮಲ್ಲಿ ಲೋಹದ ಮಾತು ರಷ್ಯನ್‌ನಲ್ಲೇ. ನಟ್ಟು, ಪಿಸ್ಟನ್, ಪೆಟ್ರೋಲು, ಎಲ್ಲ. ಕಿರ್ಗಿಜ್‌ನಲ್ಲಿ ಯಾರೂ ಎಂಜಿನ್ ಬಿಚ್ಚುವುದಿಲ್ಲ. ಆ ಭಾಷೆ ಮನೆಯವರಿಗೆ, ಮಕ್ಕಳಿಗೆ, ಮಣ್ಣು ಮಾಡುವ ದಿನಕ್ಕೆ. ಮೆಲಿಸ್ ಭಾಷೆ ಬದಲಿಸಿದಾಗಲೇ ನನಗೆ ತಿಳಿಯಬೇಕಿತ್ತು, ಇವನು ಈಗ ಅಲ್ಯೂಮಿನಿಯಂ ಬಿಟ್ಟು ಮನುಷ್ಯರ ಬಗ್ಗೆ ಮಾತಾಡುತ್ತಿದ್ದಾನೆ ಎಂದು. ದನಿ ಬದಲಾದದ್ದು ಕೇಳಿಸಿತು. ಇಂಪಾಗಿದೆ ಎಂದುಕೊಂಡೆ. ಅಷ್ಟಕ್ಕೇ ನಿಂತೆ.

ದಮ್ ತಗೊಳ್ಳಲಿ. ಯಾರು ಎಂದು ವಾಕ್ಯದಲ್ಲಿಲ್ಲ. ಹೆಣ್ಣೋ ಗಂಡೋ ಗಾಡಿಯೋ ಇಲ್ಲ. ಉಸಿರಾಡುವುದೋ ಸುಧಾರಿಸಿಕೊಳ್ಳುವುದೋ, ಅದೂ ಇಲ್ಲ. ಕೇಳಿದವನು ತನ್ನ ತಲೆಯಲ್ಲಿದ್ದದ್ದನ್ನು ತುಂಬಿಕೊಳ್ಳುತ್ತಾನೆ. ನನ್ನ ತಲೆಯಲ್ಲಿ ಆರು ಕೊಳವೆ ಇತ್ತು.

ಗಣಿ ರಸ್ತೆಯ ನಕ್ಷೆ ಎದುರಿಗಿಟ್ಟುಕೊಂಡು, ಸೆಪ್ಟೆಂಬರಿನ ಆ ಸದ್ದನ್ನು ಮತ್ತೆ ತಲೆಯೊಳಗೇ ಹಾಕಿ ಕೇಳಿದೆ. ದನಿ ಬಿದ್ದದ್ದೆಲ್ಲ ಎಡ ತಿರುವುಗಳಲ್ಲಿ. ಒಂದೂ ಬಲದ್ದಲ್ಲ. ಅದು ಕೊರತೆ ಎಂದು ಇಷ್ಟು ತಿಂಗಳು ನಂಬಿದ್ದೆ. ಅವಳ ಕಾಲು ಅವಳನ್ನು ಹಿಡಿದು ನಿಲ್ಲಿಸಿದ ಸದ್ದು ಅದು. ಆ ಕಾಲಿಗೆ ಏನು ಹೇಳಲಿ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ, ರಬ್ಬರ್ ಚಪ್ಪಲಿ. ನೋಡುತ್ತ ಕೂತೆ.

ಏಪ್ರಿಲ್ 29

ಮ್ಯಾನಿಫೋಲ್ಡ್ ಪ್ರಶ್ನೆ ಹಾಗೇ ಇದೆ. ವಿಚಿತ್ರ.

ಗಾಡಿ ಮಾರೋಣವೇ ಎಂದು ಕೇಳಿದೆ. (ಈಗ ಕೇಳುತ್ತೇನೆ. ಎಲ್ಲವನ್ನೂ. ಉಪ್ಪು ಹಾಕಲೇ ಎಂದೂ ಕೇಳಿ ಬೈಸಿಕೊಂಡೆ.)

“ಗಾಡಿಯೇನು ತಪ್ಪು ಮಾಡ್ತು?”

“ಹಾಗಾದ್ರೆ ಹಳೇದನ್ನೇ ಕೂರಿಸಿ ಟಾರ್ಪಾಲು ಹೊದಿಸ್ಲಾ? ಅಥವಾ ಮೆಲಿಸ್ ಹೊಸದು ಮಾಡ್ಲಾ?”

“ಯಾರು ಓಡಿಸ್ತಾರೆ ಅಂತ ಮೊದ್ಲು ಹೇಳು. ಆಮೇಲೆ ಗಾಳಿ.”

“ಮೆಲಿಸ್?”

“ಆ ಸೀಟಿಗೆ ಅವನನ್ನ ಕೂರಿಸ್ಬೇಕಾದ್ರೆ ಅವನ ಹೊಟ್ಟೇನೂ ಕತ್ತರಿಸಿ ವೆಲ್ಡಿಂಗ್ ಮಾಡ್ಬೇಕು.”

ಆಮೇಲೆ ನನ್ನನ್ನೇ ನೋಡಿದಳು. ನೋಡುವಾಗ ಈಗ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತಾಳೆ, ಮರೆಮಾಚುವುದಿಲ್ಲ. ಬಲಗಣ್ಣು ಪೂರ್ತಿ ನನ್ನ ಮೇಲೆ.

“ಬೇಡ” ಎಂದೆ.

“ನಾನಿನ್ನೂ ಏನೂ ಅಂದಿಲ್ಲ.”

“ನನಗೆ ಆ ರಸ್ತೆ ಬರಲ್ಲ.”

“ನನಗೆ ಬರುತ್ತಲ್ಲ. ಬಾಯಿಪಾಠ. ಪಕ್ಕದಲ್ಲಿ ಕೂತು ಹೇಳ್ತೀನಿ.”

ಮೇ 10

ಊರ ಹೊರಗಿನ ಖಾಲಿ ರಸ್ತೆ. ಹಳೆ ಮ್ಯಾನಿಫೋಲ್ಡ್ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ತಾತ್ಕಾಲಿಕಕ್ಕೆಂದು ಕೂರಿಸಿದ್ದೆ. ನಾನು ಬಲಗಡೆ, ಸ್ಟೇರಿಂಗ್ ಹಿಂದೆ. ಅವಳು ಎಡ ಸೀಟಿನಲ್ಲಿ, ಮಡಿಲಲ್ಲಿ ಕುರುತ್, ಒಣಮೊಸರಿನ ಉಂಡೆಗಳ ಪೊಟ್ಟಣ, ಒಂದೊಂದೇ ಬಾಯಿಗೆ ಹಾಕಿಕೊಂಡು ಚೀಪುತ್ತ.

ಎರಡು ಸಲ ಎಂಜಿನ್ ನಿಂತುಹೋಯಿತು.

“ಎಷ್ಟು ವರ್ಷದಿಂದ ಈ ಗಾಡಿ ನಿನ್ನ ಹತ್ರ ಇದೆ?”

“ನಗಬೇಡ.”

“ನಗ್ತಿಲ್ಲ. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸ. ಕ್ಲಚ್ ನಿಧಾನ. ಹೆದರಿಕೆಯಾದ್ರೆ ಜೋರಾಗಿ ಉಸಿರು ಬಿಡು, ಹಿಡ್ಕೋಬೇಡ.”

ಸಂಜೆ ಹೊತ್ತಿಗೆ ತಿರುವಿಗೆ ಮೂರನೇ ಗೇರಿನಲ್ಲೇ ಹೋಗಿ, ಅದರಲ್ಲೇ ಹೊರಬಂದೆ. ಕೆಳಗಿನ ವೇಗದಲ್ಲಿ ಹಳೆಯ ಉದ್ದ ಕೊಳವೆ ಎಳೆಯಿತು, ದಡ್ಡ ವಿದ್ಯಾರ್ಥಿಯ ಕೈ ಹಿಡಿದ ಹಾಗೆ. ಬೆನ್ನಿಗೆ ತಿಳಿಯಿತು. ಹೊರಗೆ ನಿಂತು ಕೇಳಿದಾಗ ಇದು ಯಾವತ್ತೂ ತಿಳಿದಿರಲಿಲ್ಲ.

“ಹೊಸದು ಬೇಕಾ ನಿನಗೆ?” ಎಂದಳು.

“ಬೇಡ.”

“ನಿನಗೆ ಇದು ಸಾಕು. ನನಗೂ ಸಾಕಾಗಿತ್ತು. ಹೊಸದು ಮಾಡಿಸು ಅಂತ ನಿನ್ನ ಹತ್ರ ಯಾರೂ ಕೇಳಿರಲಿಲ್ಲ.”

ಮೆಲಿಸ್‌ಗೆ ಫೋನ್ ಮಾಡಿ ಬೇಡ ಎಂದೆ. “ಬೇಕಾದೀತು ಅಂತ ಅಲ್ಯೂಮಿನಿಯಂ ಕತ್ತರಿಸಿಟ್ಟಿದ್ದೆ, ಹಾಳಾಗಿಹೋಗ್ಲಿ,” ಎಂದ. ಆಮೇಲೆ ಕಿರ್ಗಿಜ್‌ನಲ್ಲಿ, “ಒಳ್ಳೇದಾಯ್ತು ಜೆಜ್ದೆ.” ಈ ಸಲ ಯಾರಿಗೆ ಎಂದು ಕೇಳಿದೆ. “ಎಲ್ಲಾರಿಗೂ,” ಎಂದು ರೇಗಿದ.

ಮೇ 23

ಇವತ್ತು ಗಣಿ ರಸ್ತೆ, ನಿಧಾನಕ್ಕೆ, ಕೆಳಗಿಂದ ಮೇಲಕ್ಕೆ. ನನಗೆ ಬೆವರು. ಕುರಿದೊಡ್ಡಿಯ ಕೆಳಗೆ ಗಾಡಿ ನಿಲ್ಲಿಸಿ ಹತ್ತಿದೆವು. ನಾನು ಯಾವಾಗಲೂ ನಿಲ್ಲುವ ಕಲ್ಲಿನ ಮೇಲೆ ಅವಳು ಹೋಗಿ ನಿಂತಳು. ಇಲ್ಲಿಗೆ ಮೊದಲ ಸಲ ಬರುತ್ತಿದ್ದಾಳೆ ಎಂದು ಆಗ ಹೊಳೆಯಿತು. ಯಾವಾಗಲೂ ಕೆಳಗಿನ ರಸ್ತೆಯಲ್ಲಿ ಇದನ್ನು ದಾಟಿ ಹೋಗಿದ್ದಾಳೆ, ಅಷ್ಟೇ.

“ಇಲ್ಲಿಂದ ಏನೂ ಕಾಣಲ್ಲ,” ಎಂದಳು.

“ಕಾಣಲ್ಲ.”

“ಮತ್ತೆ ಹೆದರಿಕೆ ಆಗ್ತಿರಲಿಲ್ವಾ ನಿನಗೆ?”

ಆಗುತ್ತಿತ್ತು ಎಂದೆ. ಪ್ರತಿ ಸಲ. ಹೇಳಲಿಲ್ಲವೇಕೆ ಎಂದು ಅವಳು ಕೇಳಲಿಲ್ಲ. ಕೈ ಚಾಚಿದಳು, ಕಲ್ಲಿನಿಂದ ಇಳಿಸಿಕೊಂಡೆ. ಅವಳ ಎಡಗಡೆಯಲ್ಲಿ ನಡೆದೆ. ಎಂದಿನಿಂದ ಆ ಕಡೆ ನಡೆಯುವುದು ರೂಢಿಯಾಯಿತೋ ಗೊತ್ತಿಲ್ಲ.

ಜೂನ್ 2, ಬೆಳಿಗ್ಗೆ

ಸಾಲಿನಲ್ಲಿದ್ದೇವೆ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಎಂಜಿನ್ ನಡುಕ.

ಕ್ಲಬ್ಬಿನ ಹಿರಿಯರು, ಅಕ್ಸಕಾಲರು, ಗಾಡಿ ಗಾಡಿಗೆ ಬಂದು ಅಂಗೈ ತೆರೆದು ಹರಸಿ ಹೋದರು. ನನ್ನನ್ನು ಸ್ಟೇರಿಂಗ್ ಹಿಂದೆ ನೋಡಿ, “ತಪ್ಪು ಕಡೆ ಕೂತಿದ್ದೀಯಲ್ಲೋ” ಎಂದರು. ಅನಿಪಾ, “ಇಲ್ಲ ಅಕ್ಸಕಾಲ್, ನಾನು ದಮ್ ತಗೊಳ್ತಿದ್ದೀನಿ,” ಎಂದಳು. ಎಲ್ಲರೂ ನಕ್ಕರು. ಅವಳೂ. ಆಮೇಲೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಳು. ಮಡಿಲಲ್ಲಿ ಗ್ಲೌಸ್. ಈ ಸಲ ಅವಳಿಗೆ ಅದು ಬೇಕಿಲ್ಲ, ಆದರೂ ತಂದಿದ್ದಾಳೆ. ಮಾತಾಡಿಸಲಿಲ್ಲ. ಇಂಥ ಮೌನ ಈಗ ತಿಳಿಯುತ್ತದೆ, ಸ್ವಲ್ಪ.

ನಾವು ಗೆಲ್ಲುವುದಿಲ್ಲ. ಕೊನೆಗೆ ಬರಬಹುದು. ಇಲ್ಲಿ ಕೂತಿದ್ದೇವೆ, ಇಬ್ಬರೂ, ಒಂದೇ ಗಾಡಿಯಲ್ಲಿ. ಇದು ಯಾವತ್ತೂ ಆಗಿರಲಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಥ್ಯಾಂಕ್ಸ್.

“ಮೊದಲು ಬಲ, ಉದ್ದದ್ದು,” ಎನ್ನುತ್ತಿದ್ದಾಳೆ. “ಗೇರ್ ಬದಲಿಸ್ಬೇಡ. ಆಮೇಲೆ ಸೇತುವೆ. ಆಮೇಲೆ ಎಡ. ನಾನು ಹೇಳ್ತೀನಿ, ಆದ್ರೆ ಅಂಚು ನೀನೇ ನೋಡ್ಬೇಕು. ಎಡ ಇನ್ನು ನಿಂದು.”

ನನ್ನದು.

ಮುಂದಿನ ಗಾಡಿ ಹೋಯಿತು. ಕೈ ಚಾಚಿದ್ದಾಳೆ, ಪೆನ್ನಿಗೆ. “ಮುದುಕಾ, ಬಾವುಟ ಎತ್ತಿದ್ರು” ಎನ್ನು—